ಅರ್ಧ ಕೌದಿ, ಒಂದೇ ಸಲದ ಕರೆಂಟು

ಎರಡನೇ ಮಳೆಗಣತಿಯ ಅರವತ್ತೊಂದನೇ ವರ್ಷ,
ಹದಿಮೂರನೇ ತಿಂಗಳ ನಲವತ್ತನೇ ದಿನ

ಕಸ್ತೂರಿ ಅಜ್ಜಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆಗಾಲಗಳು ದಾರಿ ತಪ್ಪಿದ ಮೇಲೆ ನಾವು ತಿಂಗಳುಗಳನ್ನು ಹೊಸದಾಗಿ ಎಣಿಸಿಕೊಂಡೆವು. ನನ್ನ ಕನ್ನಡವೂ ವಿಚಿತ್ರವೆನಿಸಬಹುದು. ನೀವು ದಿನದಿನದ್ದು ಬರೆದಿಟ್ಟು ನಮ್ಮವರೆಗೆ ಉಳಿದ ನೋಟುಬುಕ್ಕು ಓದಿ ಓದಿ ಇಷ್ಟು ಕಲಿತಿದ್ದೇನೆ, ಕ್ಷಮಿಸಿ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ‘ಹಿಂದಂಚೆ’ ನಮ್ಮಲ್ಲಿದೆ, ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಆದರೆ ಇದು ಕೈಸೇರುವಾಗ ನಿಮಗೆ ನಲವತ್ತೆರಡು, ನನಗೆ ಅರವತ್ತು. ಆ ಸಲಿಗೆಯಿಂದಲೇ ಹೇಳಿಬಿಡುತ್ತೇನೆ: ನಿಮ್ಮನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು.

ನಮ್ಮಲ್ಲಿ ದೊಡ್ಡ ರೋಗ ಬಂದವರಿಗೆಲ್ಲ ‘ಕಡೆಚೀಟಿ’ ಬರುತ್ತದೆ. ಉಳಿದ ದಿನಗಳೆಷ್ಟು ಎಂದು ಅದರಲ್ಲಿರುತ್ತದೆ, ಒಂದು ದಿನವೂ ಆಚೀಚೆ ಆಗುವುದಿಲ್ಲ. ಮೂವತ್ತು ದಿನದೊಳಗೆ ಇಳಿದವರಿಗೆ, ನೀವು ‘ಕರೆಂಟು’ ಎನ್ನುವ ಚಿಕಿತ್ಸೆ ಕೊಡುವ ಕಿರಣದ ಮನೆಯ ಬಾಗಿಲು ತೆರೆಯುವುದಿಲ್ಲ, ವ್ಯರ್ಥವಂತೆ. ಅವರಿಗೆ ಕೊಡುವುದು ‘ಮಂಪರುಗಾಳಿ’, ದಿಂಬಿನ ಅಂಚಿನಿಂದ ಸಣ್ಣಗೆ ಹೊರಡುವ ಔಷಧಿಯ ಗಾಳಿ. ನೋವಿಲ್ಲ, ಮಾತೂ ಇಲ್ಲ. ನನ್ನ ಗಂಡ ಇಂದುಧರರ ಬೆನ್ನುಮೂಳೆಗೆ ಕ್ಯಾನ್ಸರ್ ಇಳಿದಿದೆ. ಚೀಟಿಯಲ್ಲಿ ಹನ್ನೊಂದು ದಿನ. ಬೆಳಿಗ್ಗೆ ಗೋಡೆಯ ಗೂಡಿನಲ್ಲಿ ಗಂಜಿ ತಾನಾಗಿಯೇ ಬಿಸಿಯಾಗುತ್ತದೆ, ನಾನು ಚಮಚ ಹಿಡಿದು ಪಕ್ಕದಲ್ಲಿ ಕೂರುತ್ತೇನೆ. ಮೂವತ್ತೈದು ವರ್ಷ ಉಪ್ಪು ಕಡಿಮೆಯಾಯಿತೆಂದು ಗೊಣಗಿದ ಮನುಷ್ಯ, ಈಗ ಉಪ್ಪೇ ಹಾಕದಿದ್ದರೂ ಸುಮ್ಮನೆ ನುಂಗುತ್ತಾರೆ.

ನಿಮ್ಮ ತಾಯಿ ಶಿವಗಂಗವ್ವನ ಬೆನ್ನಿಗೂ ಇದೇ ರೋಗ. ಉಳಿದಿರುವುದು ದಿನಗಳೋ ತಿಂಗಳುಗಳೋ ನಿಮಗ್ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ನಿಮಗಿನ್ನೂ ಬಾಗಿಲು ತೆರೆದಿದೆ. ರೋಗ ಹೋಗುವುದಿಲ್ಲ, ನೋವು ತಗ್ಗಬಹುದು, ಅದಕ್ಕೆ ಒಂದೇ ಸಲ ಕರೆಂಟು ಕೊಟ್ಟರೆ ಸಾಕು ಎಂದು ಡಾಕ್ಟರು ಇವತ್ತು, ಈ ಕಾಗದ ನಿಮ್ಮ ಕೈಸೇರುವ ದಿನವೇ, ಹೇಳಿದರು. ನೀವು ರೇಗಿದಿರಿ. ಅದೂ ನೋಟುಬುಕ್ಕಿನಲ್ಲಿದೆ: “ಬ್ಯಾರೇದವ್ರಿಗೆ ಹತ್ತ ಸಲ, ನಮ್ಮವ್ವಗ ಒಂದ ಸಲ ಅಂದ್ರ ಹ್ಯಾಂಗ್ರೀ? ನಮ್ಮವ್ವ ಏನ್ ಬಿಟ್ಟಿ ಬಿದ್ದಾಳೇನ್ರೀ?” “ಇಂಥಾ ನೋವಿಗೆ ಹತ್ತ ಕೊಟ್ರೂ ಒಂದ ಕೊಟ್ರೂ ಫರಕ ಇಲ್ಲವ್ವಾ” ಎಂದು ಡಾಕ್ಟರು ಹೇಳಿದ್ದನ್ನೂ ಬರೆದು, ಕೆಳಗೆ ಸಿಟ್ಟಿನಿಂದ ಗೀಟು ಎಳೆದಿದ್ದೀರಿ. ನಾಳೆ ಹತ್ತು ಸಲದ ಕರೆಂಟಿಗೇ ಸಹಿ ಹಾಕುತ್ತೀರಿ.

ಮುಂದಿನ ಪುಟಗಳನ್ನು ನೀವಿನ್ನೂ ಬರೆದಿಲ್ಲ, ನಾನು ಓದಿದ್ದೇನೆ. ಟೆಂಪೋದಲ್ಲಿ ಹೋಗಲು ಎರಡು ತಾಸು, ಬರಲು ಎರಡು ತಾಸು, ಪ್ರತಿ ತಗ್ಗಿಗೂ ಅವ್ವನ ನರಳಾಟ. ನಡುವೆ ಒಂದು ವಾರ ಮೆಷಿನ್ ಕೆಟ್ಟು ನಿಲ್ಲುತ್ತದೆ. ಪಂಚಮಿ ಹಬ್ಬಕ್ಕೆ ನೀವು ಅವ್ವನಿಗೆ ಎಣ್ಣೆ ಹಚ್ಚಿ ಎರೆಯುತ್ತೀರಿ. ಕರೆಂಟು ಕೊಡಲು ಬೆನ್ನ ಮೇಲೆ ಹಾಕಿದ್ದ ಮಸಿಯ ಗುರುತೆಲ್ಲ ತೊಳೆದುಹೋಗಿ, ಮತ್ತೆ ಅಳತೆ, ಮತ್ತೆರಡು ದಿನ. ಆ ತಪ್ಪಿನ ಮೇಲೂ ನನಗೆ ಅಸೂಯೆ. “ಮೆಲ್ಲಗ ತಿಕ್ಕ, ಅದೇನ್ ಕಲ್ಲೇನ?” ಎಂದು ಅವ್ವ ಬೈದರಂತೆ. ನನ್ನನ್ನು ಬೈಯುವವರು ಯಾರೂ ಇಲ್ಲ. ಇಪ್ಪತ್ತನೇ ದಿನ, ಎಂಟನೇ ಸಲ ಮುಗಿಸಿ ಬರುವಾಗ, ಅವರು ಟೆಂಪೋದಲ್ಲೇ ತೀರಿಕೊಳ್ಳುತ್ತಾರೆ. ಹಳೆಯ ಸೀರೆಗಳನ್ನು ಕೂಡಿಸಿ ಅವರು ಹೊಲಿಯುತ್ತಿದ್ದ ಕೌದಿ ಅರ್ಧಕ್ಕೇ ನಿಲ್ಲುತ್ತದೆ.

ನಿಜ ಹೇಳುತ್ತೇನೆ, ಇದನ್ನೆಲ್ಲ ತಿಳಿಸಬಾರದೆಂದೇ ಇದ್ದೆ. ನನಗಿಲ್ಲದ್ದು ನಿಮಗೇಕೆ ಎಂಬ ಸಣ್ಣಬುದ್ಧಿ. ಮೂರು ದಿನ ಕಾಗದವನ್ನು ಮಡಚಿಟ್ಟಿದ್ದೆ. ನಿನ್ನೆ ಇಂದುಧರರ ಪಾದ ಮುಟ್ಟಿದರೆ ತಣ್ಣಗಿತ್ತು. ವಂಶದಲ್ಲಿ ಕೈಯಿಂದ ಕೈಗೆ ಬಂದ ನಿಮ್ಮವ್ವನ ಕೌದಿಯನ್ನು ಹೊದಿಸಿದೆ. ಅದು ಮೊಣಕಾಲಿಗೇ ಮುಗಿದುಹೋಯಿತು.

ಒಂದೇ ಸಲಕ್ಕೆ ಒಪ್ಪಿಕೊಳ್ಳಿ, ಅಜ್ಜಿ. ಹಾಗೆಂದರೆ ಅವ್ವನನ್ನು ಕೈಬಿಟ್ಟಂತಲ್ಲ. ನೋವು ತಗ್ಗಿಯೇ ತಗ್ಗುತ್ತದೆಂದು ಯಾರೂ ಮಾತು ಕೊಡಲಾರರು, ಆದರೆ ಆ ದಿನಗಳಾದರೂ ಟೆಂಪೋದಲ್ಲಿ ಕಳೆಯುವುದಿಲ್ಲ. ತಗ್ಗಿದರೆ ಅವ್ವನನ್ನು ಎಬ್ಬಿಸಿ ಕೂಡಿಸಿ, ಸೂಜಿಗೆ ದಾರ ಪೋಣಿಸಿ ಕೊಡಿ, ಬೈದರೆ ಬೈಸಿಕೊಳ್ಳಿ. ನಾನಿಲ್ಲಿ ಕೌದಿಯ ಅಂಚು ಹಿಡಿದು ಕೂತಿರುತ್ತೇನೆ. ಅವ್ವ ಅಲ್ಲಿ ಹೊಲಿದಷ್ಟೂ ಇದು ಇಲ್ಲಿ ಬೆಳೆದು ಇಂದುಧರರ ಪಾದದವರೆಗೆ ಇಳಿದರೆ, ನೀವು ನನ್ನ ಮಾತು ಕೇಳಿದಿರೆಂದು ತಿಳಿದುಕೊಂಡು, ಅವರ ಕಾಲು ಬೆಚ್ಚಗೆ ಮುಚ್ಚಿ, ನಿಮ್ಮ ಮೇಲೆ ಇನ್ನೊಮ್ಮೆ ಹೊಟ್ಟೆಕಿಚ್ಚು ಪಡುತ್ತೇನೆ.

ನಿಮ್ಮ ಕುಡಿ,
ನೇಸರಿ