ಹುಳು ಹಣ್ಣಾದ ದಿನ ಎಣಿಸಿದ ಶಾಲೆ

ಸಾದಲಿ ಹೋಬಳಿ,
14-7-2025

ಚಿರಂಜೀವಿ ರಮೇಶ್‌ಬಾಬುಗೆ,

ಜೂನ್ ಎರಡರಂದು ನಮ್ಮೂರ ಶಾಲೆಗೆ ಬೀಗ ಹಾಕಿ, ಸಾದಲಿ ಶಾಲೆಯೊಂದಿಗೆ ವಿಲೀನ ಎಂದರು. ಆದೇಶದ ಕೆಳಗೆ ನಿನ್ನ ಸಹಿಯಿತ್ತು. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಿನ್ನ ಶುಗರ್ ಹೇಗಿದೆ? ಶುಭಾ ಚೆನ್ನಾಗಿದ್ದಾಳೆಯೇ?

ಇಲ್ಲಿ ಹಿಪ್ಪುನೇರಳೆ ಚೆನ್ನಾಗಿ ಚಿಗುರಿದೆ. ಶಾಲೆಯ ಜಗಲಿಯಲ್ಲಿ ಕೋನಪ್ಪ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಒಣಗಿಸುತ್ತಿದ್ದ. ಬೈದೆ. “ಖಾಲಿ ಬಿದ್ದೈತಲ್ಲಕ್ಕಾ, ನಿಮ್ಮ ತಮ್ಮನ್ನೇ ಕೇಳಿ, ಬಾಡಿಗೆ ಕಟ್ತೀನಿ” ಎಂದು ನಕ್ಕ.

ಫೋನಿನಲ್ಲಿ ನೀನು ಹೇಳಿದೆ: “ಮಕ್ಕಳೇ ಇಲ್ದಿದ್ರೆ ದುಡ್ಡು ಯಾರು ಕೊಡ್ತಾರಕ್ಕಾ? ನಮ್ಮ ಇಲಾಖೆಯೋರು ಬಂದು ನೋಡ್ದಾಗ ನಾಲ್ಕೇ ಜನ ಇದ್ರಂತೆ.” ಆ ದಿನ ಊರ ತುಂಬ ಹುಳು ಹಣ್ಣಾಗಿತ್ತು ಕಣೋ. ಅಂದೇ ಆರಿಸಿ ಚಂದ್ರಿಕೆಗೆ ಬಿಡದಿದ್ದರೆ ತಟ್ಟೆಯಲ್ಲೇ ನೂಲು ಸುರಿಸಿ ಬೆಳೆ ಹಾಳು. ಮನೆಮಂದಿಯೆಲ್ಲ ಕೈಹಾಕಬೇಕು, ಮಕ್ಕಳೂ. ಮೇಷ್ಟ್ರು ಅದನ್ನೇ ಹೇಳಿದರು. ಬಂದವರು ಹೊರಗಿನವರು, ನಂಬಲಿಲ್ಲ. ಅವರಿಗೆ ಗೊತ್ತಿಲ್ಲ, ಸರಿ. ನಿನಗೆ? ಹುಳು ಹಣ್ಣಾದ ದಿನ ನೀನು ಒಮ್ಮೆಯಾದರೂ ಶಾಲೆಗೆ ಹೋಗಿದ್ದೆಯಾ?

ಮಕ್ಕಳು ಕಡಿಮೆಯಾಗಿದ್ದು ನಿಜ. ನಿನ್ನ ಕಾಲದಲ್ಲಿ ಕೂರಲು ಜಾಗವಿಲ್ಲದೆ ಅರ್ಧ ಮಕ್ಕಳು ಹೊಂಗೆಮರದ ಕೆಳಗಿರುತ್ತಿದ್ದರು. ಆಮೇಲೆ ಸೋರುವ ಚಾವಣಿಗೆ ಹಣ ಕೇಳಿದರೆ, ಮಕ್ಕಳು ಸಾಲದು ಎಂದರು. ಎರಡನೇ ಮೇಷ್ಟ್ರನ್ನು ಬೇರೆ ಕಡೆ ಕಳಿಸಿದರು. ಹೆದರಿದವರು ಮಕ್ಕಳನ್ನು ಕಾನ್ವೆಂಟ್ ವ್ಯಾನು ಹತ್ತಿಸಿದರು. ಮಕ್ಕಳು ಇನ್ನೂ ಕಡಿಮೆಯಾದರು. ನಮ್ಮನ್ನು ಈ ಗಾಣಕ್ಕೆ ಕಟ್ಟಿದವರೇ, ಸುತ್ತಿದ್ದೇಕೆ ಎಂದು ಕೇಳುತ್ತಿದ್ದಾರೆ.

ಪಕ್ಕದ ಮನೆ ಕೊಂಡಮ್ಮನ ಮೊಮ್ಮಗಳು ಪದ್ಮಶ್ರೀ ಮೂರನೇ ಕ್ಲಾಸು. ವ್ಯಾನಿಗೆ ಕೊಡಲು ಗತಿಯಿಲ್ಲ, ಸಾದಲಿಗೆ ನಡೆಯಲು ಜೊತೆಯಿಲ್ಲ. “ದಿನಾ ಬಿಟ್ಟು ಬರೋಕೆ ಹೋದ್ರೆ ಕೂಲಿಗೆ ಯಾರು ಹೋಗ್ತಾರಕ್ಕಾ? ಹೆಣ್ ಕೂಸು, ಒಂಟಿಯಾಗಿ ಹೆಂಗ್ ಕಳಿಸ್ಲಿ?” ಎನ್ನುತ್ತಾಳೆ ಕೊಂಡಮ್ಮ. ಕೆಲವು ದಿನ ನಾನೇ ಕರೆದೊಯ್ದೆ. ಕಾಲು ಬಾತುಕೊಂಡು ಮಲಗಿದೆ. ಈಗ ಹುಡುಗಿ ಬೆಳಗ್ಗೆ ನನ್ನ ಹತ್ತಿರ ಕೂತು ಪೇಪರು ಓದುತ್ತಾಳೆ, ಆಮೇಲೆ ಅಜ್ಜಿಯ ಹಿಂದೆ ಸೊಪ್ಪು ಕೊಯ್ಯಲು ಹೋಗುತ್ತಾಳೆ.

ಶುಭಾಳಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ಸಿಟ್ಟಿದ್ದರೂ ನಿನಗೂ ಅದೇ. ಚೆನ್ನಾಗಿ ಬಾಳು.

ನಿನ್ನ ಅಕ್ಕ,
ಗಂಗುಲಮ್ಮ

ತಾ.ಕ.: ನಾನು ಓದುವಾಗ ನಮ್ಮೂರಲ್ಲಿ ಇದ್ದದ್ದು ನಾಲ್ಕನೇ ಕ್ಲಾಸಿನವರೆಗೆ. ಐದಕ್ಕೆ ಸಾದಲಿಗೆ ಹೋಗಬೇಕಿತ್ತು. “ಹೆಣ್ ಮಗು, ಅಷ್ಟು ದೂರ ಬೇಡಮ್ಮ” ಎಂದು ಅಪ್ಪ ನನ್ನನ್ನು ಹುಳು ಮನೆಗೆ ಹಾಕಿದ. ನಿನಗೆ ಸೈಕಲ್ ಕೊಡಿಸಿದ. ನೀನು ಓದಿ ಬಿಟ್ಟ ಪುಸ್ತಕಗಳನ್ನು ಓದಿಕೊಂಡು ನಾನು ಇಷ್ಟಾದೆ. ಅಪ್ಪನನ್ನು ನಾನು ಯಾವತ್ತೂ ಏನೂ ಕೇಳಲಿಲ್ಲ, ನಿನ್ನನ್ನು ಕೇಳುತ್ತೇನೆ. ಫೋನಿನಲ್ಲಿ ನನಗೆ ಸಮಾಧಾನ ಹೇಳಬೇಡ. ಇಲ್ಲಿಗೆ ಬಾ, ಊರವರೆಲ್ಲರ ಮುಂದೆ ನಿಂತು ಪದ್ಮಶ್ರೀಗೆ ಹೇಳು: ಅವಳು ಎಲ್ಲಿ ಓದಬೇಕು?