ಮೊದಲ ಬ್ರೆಡ್ಡಿನ ತುದಿ

ಮಾರ್ಚ್ 3, ಬೆಳಗ್ಗೆ 6.30

ಓವನ್‌ನಿಂದ ಮೊದಲ ಬ್ರೆಡ್ಡು ಇಳಿಯಿತು. ತುದಿ ನನಗೆ, ಎಂದಿನಂತೆ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಒಂದು ದಿನವೂ ತಪ್ಪಿಲ್ಲ. ಜಗಳವಾದ ದಿನವೂ ಇವರು ಮುಖ ಊದಿಸಿಕೊಂಡೇ ತುದಿ ಕೊಯ್ದು, ಬೆಣ್ಣೆ ಸವರಿ, ನನ್ನ ಮೇಜಿನ ಮೇಲಿಟ್ಟು ಹೋಗುತ್ತಾರೆ. ಕೆಳಗೆ ಇವರ ಬೇಕರಿ. ಮಹಡಿಯಲ್ಲಿ ಮನೆ. ಕಿಟಕಿ ಪಕ್ಕದ ಕೋಣೆಯಲ್ಲಿ ನನ್ನ ವಾಚ್ ರಿಪೇರಿ. ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ, "ಮಗ ಊರಿನ ಹೊಟ್ಟೆ ನೋಡ್ಕೋತಾನೆ, ಸೊಸೆ ಊರಿನ ಹೊತ್ತು ನೋಡ್ಕೋತಾಳೆ."

ಇವತ್ತು ಮತ್ತೆ ಸ್ಕ್ರೂ ಕೈಜಾರಿತು. ವಾರದಲ್ಲಿ ಮೂರನೆಯದು. ಬೆರಳ ತುದಿಯಲ್ಲಿ ಇರುವೆ ಹರಿದ ಹಾಗೆ ಜುಮುಜುಮು. ಹಾಳಾದ್ದು... ಇವರಿಗೆ ಹೇಳಿಲ್ಲ.

ಮಾರ್ಚ್ 9

ಎರಡೂ ಮೊಣಕೈ ಮೇಲೆ ನೀರುಗುಳ್ಳೆ. ಒಂದರಲ್ಲಿ ಎಲ್ಲೆದ್ದಿದೆಯೋ ಇನ್ನೊಂದರಲ್ಲೂ ಅಲ್ಲೇ. ಅಳತೆ ಹಿಡಿದು ಹೊಲಿದ ಹಾಗೆ. ಕೆರೆತಕ್ಕೆ ಪ್ರಾಣ ಹೋಗುತ್ತಿದೆ. ಬಾಯಿಹುಣ್ಣು ಹೇಗೂ ಹಳೇ ನೆಂಟ. ರಕ್ತ ಕಡಿಮೆಯೆಂದು ಆರು ತಿಂಗಳಿಂದ ಕಬ್ಬಿಣದ ಮಾತ್ರೆ ನುಂಗುತ್ತಿದ್ದೇನೆ, ಏರುವ ಲಕ್ಷಣವೇ ಇಲ್ಲ.

ಅತ್ತೆ: "ನೀನು ನುಂಗಿರೋ ಕಬ್ಬಿಣದಲ್ಲಿ ಒಂದು ಗೇಟ್ ಮಾಡಿಸ್ಬೋದಿತ್ತು ಕಣೇ."

ನಕ್ಕುಬಿಟ್ಟೆ. ಆಮೇಲೆ ಬಚ್ಚಲಿಗೆ ಹೋಗಿ ನಿಂತಾಗ ಕಣ್ಣೀರು ಬಂತು. ಪಕ್ಕದ ಬೀದಿಯ ಟೈಲರ್ ಅಕ್ಕನಿಗೂ ಹೀಗೇ ಬೆರಳಿನಿಂದ ಶುರುವಾದದ್ದು. ಏನೋ ನರದ ಕಾಯಿಲೆ. ಈಗ ಲೋಟ ಹಿಡಿಯುವುದಕ್ಕೂ ಆಗುವುದಿಲ್ಲ. ಕೈ ಹೋದರೆ ನನ್ನಲ್ಲಿ ಉಳಿಯುವುದಾದರೂ ಏನು?

ಮಾರ್ಚ್ 16

ಹುಣ್ಣು ತೋರಿಸಲು ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಬಾಯಿ ನೋಡುತ್ತಿದ್ದವರು ಥಟ್ಟನೆ, "ಆಗಿಂದ ಕೆರ್ಕೋತಾನೇ ಇದೀರಲ್ಲ, ಮೊಣಕೈ ತೋರ್ಸಿ" ಅಂದರು.

"ಅಲ್ಲಿ ಹಲ್ಲಿಲ್ಲ ಡಾಕ್ಟ್ರೇ."

"ತೋರ್ಸಿ ಅಂದೆ."

ತೋರಿಸಿದೆ. ಹುಣ್ಣು, ಗುಳ್ಳೆ, ಏರದ ರಕ್ತ, ಜುಮುಜುಮು — ಎಲ್ಲವನ್ನೂ ಒಂದೊಂದಾಗಿ ನನ್ನ ಬಾಯಿಂದ ಹೊರಡಿಸಿದರು. ಕೊನೆಗೆ ಕೇಳಿದರು, "ಹೊಟ್ಟೆ?"

"ಕಲ್ಲು ತಿಂದ್ರೂ ಕರಗತ್ತೆ."

"ಅದಕ್ಕೇ ಯಾರಿಗೂ ಹೊಳ್ದಿಲ್ಲ. ಕೆಲವ್ರಿಗೆ ಹೊಟ್ಟೆ ಸುಮ್ನಿರತ್ತೆ, ಮಿಕ್ಕಿದ್ದೆಲ್ಲ ಕೂಗಾಡತ್ತೆ."

ಚೀಟಿಯಲ್ಲಿ ಬರೆದುಕೊಟ್ಟರು — ಸೀಲಿಯಾಕ್. ಗೋಧಿಯ ಜಿಗುಟು, ಅದೇ ಗ್ಲುಟನ್, ಕೆಲವರ ಮೈಗೆ ಆಗುವುದಿಲ್ಲವಂತೆ. ಅದು ಒಳಗೆ ಹೋದರೆ ಮೈ ತನ್ನ ಕರುಳಿನ ಮೇಲೆ ತಾನೇ ಕತ್ತಿ ಎತ್ತುತ್ತದಂತೆ. ಇದೇ ಎಂದು ಈಗಲೇ ಹೇಳಲಾರರು, ಪರೀಕ್ಷೆ ಆಗಬೇಕು. ಇದೇ ಆದರೆ, ಗೋಧಿ ಬಿಟ್ಟ ಮೇಲೆ ಕೈ ಸುಧಾರಿಸಬಹುದು.

ಗೋಧಿ! ಬೇಕರಿಯವನ ಹೆಂಡತಿಗೆ!

ಬಂದು ಇವರಿಗೆ ಎಲ್ಲವನ್ನೂ ಹೇಳಿದೆ. ಬೆರಳಿನ ವಿಷಯವನ್ನೂ. ತಮ್ಮ ಕೈ ನೋಡಿಕೊಂಡರು. ಮೊಣಕೈವರೆಗೂ ಹಿಟ್ಟು. ಒಳಗೆ ಹೋಗಿ ಸೋಪು ಹಾಕಿ ತೊಳೆದು ಬಂದರು. ಆಮೇಲೆಯೇ ನನ್ನ ಹೆಗಲ ಮೇಲೆ ಕೈಯಿಟ್ಟದ್ದು.

ಮಾರ್ಚ್ 24

ರಕ್ತದ ರಿಪೋರ್ಟು ಬಂತು. ಅಡ್ಡಗೋಡೆ ಮೇಲೆ ದೀಪ. ಹೌದೂ ಅಲ್ಲ, ಅಲ್ಲವೂ ಅಲ್ಲ. ಹೊಟ್ಟೆ ಡಾಕ್ಟರು ಏಪ್ರಿಲ್ 14ಕ್ಕೆ ಎಂಡೋಸ್ಕೋಪಿ ಬರೆದರು. ಕರುಳಿನ ಚೂರು ತೆಗೆದು ನೋಡುತ್ತಾರಂತೆ. ಅಲ್ಲಿಯವರೆಗೆ ದಿನಾ ಬ್ರೆಡ್ಡು ತಿನ್ನಲೇಬೇಕು. "ಈಗ ಬಿಟ್ರೆ ಕರುಳು ವಾಸಿಯಾಗೋಕೆ ಶುರುವಾಗತ್ತೆ, ನಮಗೆ ಬೇಕಾದ ಸಾಕ್ಷಿ ಸಿಗಲ್ಲ" ಅಂದರು.

ಇವರು: "ಅಂದ್ರೆ ನನ್ನ ಕೈಯಾರೆ ನಾನೇ ಕೊಡ್ಬೇಕಾ?"

ಡಾಕ್ಟರು: "ನಿಮ್ಮದೇ ಆಗ್ಬೇಕಂತಿಲ್ಲ, ಬೇರೆ ಬೇಕರೀದೂ ಆಗತ್ತೆ."

ಇವರ ಮುಖ ನೋಡಬೇಕಿತ್ತು! ಕಾಯಿಲೆಗಿಂತ ಆ ಮಾತೇ ಹೆಚ್ಚು ಚುಚ್ಚಿತು, ಪಾಪ.

ಮಾರ್ಚ್ 28

ತುದಿ ಇಟ್ಟು ತಿರುಗಿ ನೋಡದೆ ಹೋದರು. ಹುಣ್ಣು ಉರಿ. ಹಾಲಿನಲ್ಲಿ ಅದ್ದಿ ನುಂಗಿದೆ.

ಏಪ್ರಿಲ್ 8

ಪೆನ್ನು ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಸಿಟ್ಟಿಗೆ.

ಇವತ್ತು ಹುಣ್ಣು ಸ್ವಲ್ಪ ವಾಸಿ ಅನ್ನಿಸಿ, ಹಾಲಿಲ್ಲದೆ ಹಾಗೇ ಕಚ್ಚಿದೆ. ಪುಡಿಪುಡಿಯಾಗಿ ಮಡಿಲಿಗೆ ಉದುರಿತು. ಇವರ ಬ್ರೆಡ್ಡು ಉದುರುವುದೇ? ಸಂಶಯ ಬಂತು. ಕಣ್ಣಿಗೆ ವಾಚ್ ರಿಪೇರಿಯ ಲೆನ್ಸ್ ಸಿಕ್ಕಿಸಿಕೊಂಡು ನೋಡಿದೆ. ಕೆಳಗಿನ ಅಂಗಡಿಯಿಂದ ಒಂದು ಸ್ಲೈಸು ತರಿಸಿ ಪಕ್ಕದಲ್ಲಿಟ್ಟೆ. ಅಂಗಡಿಯದರಲ್ಲಿ ತೂತುಗಳ ನಡುವೆ ಸಣ್ಣ ಸಣ್ಣ ಎಳೆಗಳು ಹಿಗ್ಗಿ ಹೊಳೆಯುತ್ತಿದ್ದವು. ನನ್ನದರಲ್ಲಿ ಎಳೆಯೇ ಇಲ್ಲ. ಬರೀ ಮರಳು.

ಎರಡೂ ಹಿಡಿದು ಅಡುಗೆಮನೆಗೆ ಹೋದೆ. ಬಾಯಿ ತೆರೆಯುವ ಮೊದಲೇ ಅತ್ತೆ, "ನಂಗೇನೂ ಗೊತ್ತಿಲ್ಲಮ್ಮ!" ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನಿನ್ನೂ ಕಳ್ಳ ಅಂತಲೂ ಅಂದಿರಲಿಲ್ಲ! ಹುಡುಕಿದರೆ ಅವರ ಮಂಚದ ಕೆಳಗೆ ಅಕ್ಕಿಹಿಟ್ಟಿನ ಚೀಲ. ಹತ್ತು ದಿನದಿಂದ ತಾಯಿ–ಮಗ ಸೇರಿ ನನ್ನೊಬ್ಬಳಿಗೇ ಬೇರೆ ಬ್ರೆಡ್ಡು ಸುಟ್ಟಿದ್ದಾರೆ. ಮೊದಲು ಅರ್ಧ ಗೋಧಿ, ಆಮೇಲೆ ಪೂರ್ತಿ ಅಕ್ಕಿ.

"ನೀನು ಕೆರ್ಕೊಳ್ಳೋದು ನೋಡೋಕಾಗ್ಲಿಲ್ಲ ಕಣೇ" ಅಂದರು, ಗದ್ದಲ ಕೇಳಿ ಮೇಲೆ ಬಂದ ಇವರು.

"ಡಾಕ್ಟ್ರು ಏನಂದ್ರು? ಪರೀಕ್ಷೆ ಕೆಟ್ರೆ ನನ್ನ ಕೈಗೆ ಏನಾಗಿದೆ ಅಂತ ಹೇಗ್ರೀ ಗೊತ್ತಾಗತ್ತೆ?"

ಬ್ರೆಡ್ಡನ್ನು ಗೋಡೆಗೆಸೆದೆ. ಠಣ್ ಅಂತ ಸದ್ದಾಯಿತು. ಮೂವರೂ ಗೋಡೆ ನೋಡಿದೆವು. ನಗು ಬರುತ್ತಿತ್ತು, ನಗಲಿಲ್ಲ. ನಕ್ಕರೆ ಸಿಟ್ಟು ವ್ಯರ್ಥ.

ಏಪ್ರಿಲ್ 9

ಡಾಕ್ಟರಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಎಂಡೋಸ್ಕೋಪಿ ಮೇ 26ಕ್ಕೆ ಹೋಯಿತು. ಇನ್ನೂ ನಲವತ್ತೇಳು ದಿನ! ದಿನಾ ಬ್ರೆಡ್ಡು, ದಿನಾ ಕೆರೆತ. ಇವರು ಹಿಟ್ಟಿನ ಮೂಟೆ ಮೇಲೆ ಕೂತುಬಿಟ್ಟರು. "ನಾನೇ ನಿನ್ನ ಕಷ್ಟ ಉದ್ದ ಮಾಡ್ಬಿಟ್ಟೆ."

"ಹೌದು, ಮಾಡಿದ್ರಿ." ಸುಳ್ಳು ಸಮಾಧಾನ ಹೇಳುವ ಮನಸ್ಸಿರಲಿಲ್ಲ.

ಏಪ್ರಿಲ್ 10, ಬೆಳಗ್ಗೆ 6.30

ತುದಿ ಬಂತು. ಅಪ್ಪಟ ಗೋಧಿ — ಲೆನ್ಸ್ ಹಾಕಿಯೇ ನೋಡಿದೆ. ನೋಡಲಿ ಎಂದು ಎದುರೇ ನಿಂತಿದ್ದರು. ಓಡಿಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ನಾನು ತಿಂದು ಮುಗಿಸುವವರೆಗೂ ಒದ್ದೆ ಬಟ್ಟೆಯನ್ನು ನನ್ನ ಎರಡೂ ಮೊಣಕೈಗೆ ಒತ್ತಿ ಹಿಡಿದಿದ್ದರು. ತಣ್ಣಗಿತ್ತು.

ಮೇ 11

ಒಂದು ತಿಂಗಳು ಬರೆದಿಲ್ಲ. ಪೆನ್ನು ಹಿಡಿಯಲೂ ಬೇಜಾರು. ಕೆರೆತ ಜೋರು. ಒದ್ದೆ ಬಟ್ಟೆ ಮಾತ್ರ ಒಂದು ದಿನವೂ ತಪ್ಪಿಲ್ಲ.

ಇವತ್ತು ಮೇಷ್ಟ್ರ ಹಳೇ ವಾಚಿನ ಚಕ್ರ ಕೂರಿಸಲು ಬೆರಳು ಒಪ್ಪಲೇ ಇಲ್ಲ. ಇವರು "ನೀನು ಹೇಳು, ನಾನು ಹಿಡೀತೀನಿ" ಎಂದು ಟ್ವೀಜರ್ ತೆಗೆದುಕೊಂಡರು. ಬನ್ನಿನಂಥ ಹೆಬ್ಬೆರಳು! "ಉಸಿರು ಬಿಡ್ಬೇಡಿ" ಅಂದೆ. ಸೀನಿದರು. ಚಕ್ರ ಮಾಯ. ಅರ್ಧ ಗಂಟೆ ನೆಲದ ಮೇಲೆ ಇಬ್ಬರೂ ಮಂಡಿಯೂರಿ ಹುಡುಕಿದ್ದಾಯಿತು. ಕೊನೆಗೆ ಇವರ ಮೀಸೆಯಲ್ಲಿತ್ತು! ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ.

ಈ ಮನುಷ್ಯನನ್ನು ಕಂಡರೆ ನನಗೆ ಎಷ್ಟು ಪ್ರೀತಿಯೆಂದು ಎದುರಿಗೆ ಹೇಳಿದರೆ ತಲೆ ಮೇಲೆ ಕೂರುತ್ತಾರೆ. ಇಲ್ಲಿ ಬರೆದಿಟ್ಟಿರುತ್ತೇನೆ.

ಮೇ 26

ಮುಗಿಯಿತು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿರಬೇಕಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ 6.30ಕ್ಕೆ ತುದಿ ಇಲ್ಲ. ಒಳಗೆ ಕರೆಯುವ ಮೊದಲು ಇವರು ಮೆಲ್ಲಗೆ ಅಂದರು, "ಹೌದು ಅಂತಲೇ ಬರ್ಲಿ."

"ಬಂದ್ರೆ ನಿಮ್ಮ ಬ್ರೆಡ್ಡು ಈ ಜನ್ಮದಲ್ಲಿ ಮುಟ್ಟೋ ಹಾಗಿಲ್ಲ ನಾನು."

"ಗೊತ್ತು. ಬ್ರೆಡ್ಡು ಹೋದ್ರೆ ಹೋಗ್ಲಿ. ಕೈ ಇರ್ಲಿ."

ಹೊರಗೆ ಬಂದ ಮೇಲೆ ಜೇಬಿನಿಂದ ಪೊಟ್ಟಣ ತೆಗೆದರು. ತುದಿ. ಕೊಯ್ದು ಇಟ್ಟುಕೊಂಡಿದ್ದರು! ರಿಸಲ್ಟ್ ಬರುವವರೆಗೆ ತಿನ್ನಬಹುದೆಂದು ಡಾಕ್ಟರನ್ನು ಕೇಳಿಯೇ ಕೊಟ್ಟರು. ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ನಿಧಾನವಾಗಿ ತಿಂದೆ. ಎಷ್ಟು ರುಚಿಯಾಗಿತ್ತೆಂದರೆ ಅಳು ಬಂತು.

ಜೂನ್ 3

ಹೌದು. ಸೀಲಿಯಾಕ್.

ಕೈ ಸುಧಾರಿಸಲು ತಿಂಗಳುಗಟ್ಟಲೆ ಹಿಡಿಯಬಹುದು, ಪೂರ್ತಿ ಆಗದೆಯೂ ಇರಬಹುದು ಅಂದರು ಡಾಕ್ಟರು. ಆದರೂ ದಾರಿ ಇದೆ. ಫೋನಿಟ್ಟು ಇವರನ್ನು ತಬ್ಬಿಕೊಳ್ಳಲು ಓಡಿದೆ. ಇವರು ಹಿಂದೆ ಹಿಂದೆ ಸರಿದರು. "ಹಿಟ್ಟು! ಮೈಯೆಲ್ಲ ಹಿಟ್ಟು ಕಣೇ, ಮುಟ್ಬೇಡ!"

ಅತ್ತೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ತೊಳೆಯಲು ಕೂತಿದ್ದಾರೆ.

ಜೂನ್ 4, ಬೆಳಗ್ಗೆ 8

6.30ಕ್ಕೆ ತುದಿ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿತ್ತು. ಆದರೂ ಕಣ್ಣು ಬಾಗಿಲ ಕಡೆಗೇ. 7. 7.30. ಅಡುಗೆಮನೆಯಲ್ಲಿ ಏನೋ ಸದ್ದು.

ಆಮೇಲೆ ಬಂದರು. ತಲೆಗೆ ಸ್ನಾನ ಮಾಡಿ, ಒಗೆದ ಶರ್ಟು ಹಾಕಿ. ಮದುವೆ ದಿನವೂ ಕಿವಿಯ ಹಿಂದೆ ಹಿಟ್ಟಿದ್ದ ಮನುಷ್ಯನ ಮೈಮೇಲೆ ಇವತ್ತು ಒಂದು ಕಣವೂ ಇಲ್ಲ. ಹೊಸ ಟಿನ್ನು, ಹೊಸ ಚಾಕು, ಅಕ್ಕಿಯ ಬ್ರೆಡ್ಡು. ತುದಿ ಕೊಯ್ದು, ಬೆಣ್ಣೆ ಸವರಿ, ಮೇಜಿನ ಮೇಲಿಟ್ಟರು. ಈ ಸಲ ಕಣ್ಣೆದುರೇ.

"ಹೇಗಿದೆ? ಸುಳ್ಳು ಹೇಳ್ಬೇಡ."

"ಇಟ್ಟಿಗೆ."

"ಗೋಡೆಗೆ ಎಸ್ದಿದ್ದಕ್ಕಿಂತ?"

"ಅದಕ್ಕಿಂತ ವಾಸಿ."

ಮುಖ ಊರಗಲ ಆಯಿತು. ಗೋಡೆಗೆ ಎಸೆದದ್ದನ್ನು ಬಿಟ್ಟರೆ, ಇಪ್ಪತ್ತೆರಡು ವರ್ಷದಲ್ಲಿ ಇವರು ನನ್ನ ಮೇಜಿಗೆ ತಂದ ಬ್ರೆಡ್ಡಿನಲ್ಲೆಲ್ಲ ಕೆಟ್ಟದ್ದು ಇದೇ ಇರಬೇಕು. ಪೂರ್ತಿ ತಿಂದೆ. ಬ್ರೆಡ್ಡಿಗೆ ಇನ್ನೊಂದು ತುದಿಯೂ ಇರುತ್ತದಲ್ಲ, ಅದೂ ನನಗೇ ಬೇಕು ಅಂದೆ. ತರಲು ಹೋಗಿದ್ದಾರೆ. ಬಂದ ಮೇಲೆ ಇವತ್ತು ಹೇಳಿಯೇಬಿಡುತ್ತೇನೆ, ತಲೆ ಮೇಲೆ ಕೂತರೆ ಕೂರಲಿ, ಅವತ್ತು ಇಲ್ಲಿ ಬರೆದಿಟ್ಟ ಮಾತನ್ನು... ಬಂದರು. ಪೆನ್ನು ಕೆಳಗಿಡುತ್ತೇನೆ.