ಗಂಟಲು ಕೇಳಿದ ಪಥ್ಯ

ಮನೆಯಿಂದ,
ಮಾರ್ಚ್ ಒಂಬತ್ತು, ಭಾನುವಾರ

ನನ್ನ ಪ್ರೀತಿಯ ದೂರದ ಯಜಮಾನರೇ,

ಹೇಗಿದ್ದೀರಿ? ಆ ಶೈತ್ಯಾಗಾರದೊಳಗೆ ಹೋಗುವಾಗ ಎರಡು ಜೊತೆ ಕಾಲುಚೀಲ ಹಾಕುತ್ತಿದ್ದೀರಿ ತಾನೇ? ಬೆರಳು ಮರಗಟ್ಟುವುದು ನಿಂತಿತೇ? ವಾರದಿಂದ ಫೋನ್ ಎತ್ತಲಿಲ್ಲವೆಂದು ನಾನು ಮುನಿಸಿಕೊಂಡಿದ್ದೇನೆ ಎಂದುಕೊಳ್ಳಬೇಡಿ. ಗಂಟಲು ಕಟ್ಟಿದೆ ಎಂದು ನಿಮ್ಮ ಅಮ್ಮ ಹೇಳಿದ್ದು ಅರ್ಧ ಸುದ್ದಿ. ಮಾತಾಡಕೂಡದೆಂದು ಡಾಕ್ಟರಮ್ಮನ ಅಪ್ಪಣೆಯಾಗಿದೆ. "ಸೊಸೆ ಬಾಯಿ ಮುಚ್ಚಿಸೋಕೆ ನನ್ನ ಕೈಲಿ ಆಗ್ಲಿಲ್ಲ, ಆ ಪುಣ್ಯಾತ್ಗಿತ್ತಿ ಒಂದೇ ಮಾತಲ್ಲಿ ಮುಗಿಸಿಬಿಟ್ಲು" ಎಂದು ಅತ್ತೆಗೆ ನಗುವೋ ನಗು.

ನೋವು ತಿಂಗಳಾದರೂ ಬಿಟ್ಟಿರಲಿಲ್ಲ. ಈಜು ಕಲಿಯುವ ಮಕ್ಕಳ ಮೇಲೆ ಕೂಗಿ ಕೂಗಿ ಹೀಗಾಗಿದೆ ಎಂದು ನಾನು, ಕೊಳಕ್ಕೆ ಹಾಕುವ ಔಷಧಿಯ ಘಾಟು ಎಂದು ಅಲ್ಲಿಯ ಕಾವಲುಗಾರ. ಉಪ್ಪುನೀರು, ಜೇನು ಎಲ್ಲ ಆಯಿತು. ಕೂಗುವುದು ಬಿಟ್ಟು ಪಿಸುಗುಟ್ಟತೊಡಗಿದೆ. ನನ್ನನ್ನು ನೋಡಿ ಮಕ್ಕಳೂ ಪಿಸುಗುಟ್ಟಿ, ಕೊಳದ ತುಂಬ ಕಳ್ಳರು ಈಜುತ್ತಿರುವಂತಿತ್ತು. "ಪಿಸುಮಾತು ಗಂಟಲಿಗೆ ಇನ್ನೂ ಭಾರ ಕಣ್ರೀ" ಎಂದು ಡಾಕ್ಟರಮ್ಮ ಗದರಿದರು. ಈಗ ಶಿಳ್ಳೆಯಲ್ಲೇ ಪಾಠ.

ಒಳಗೊಳಗೆ ನನಗಿದ್ದದ್ದು ಬೇರೆಯೇ ಹೆದರಿಕೆ. ಮೂಗಿನಿಂದ ಸಣ್ಣ ಕೊಳವೆ ಇಳಿಸಿ ನೋಡುವಾಗ ಅತ್ತೆಯ ಕೈ ಗಟ್ಟಿಯಾಗಿ ಹಿಡಿದಿದ್ದೆ. ಗಡ್ಡೆ ಗಿಡ್ಡೆ ಏನೂ ಇಲ್ಲ, ನಿಶ್ಚಿಂತೆಯಾಗಿರಿ. ಹೊಟ್ಟೆಯ ಹುಳಿ ಮೇಲೇರಿ ಗಂಟಲು ಸುಡುತ್ತಿದೆಯಂತೆ. "ರಾತ್ರಿ ಊಟ ಎಷ್ಟೊತ್ತಿಗೆ?" ಎಂದರು ಡಾಕ್ಟರಮ್ಮ. ನಾನು ಚೀಲದಲ್ಲಿ ಏನೋ ಹುಡುಕತೊಡಗಿದೆ. ಅತ್ತೆ ಬಿಡುತ್ತಾರೆಯೇ? "ಗಂಡನ ಪಾಳಿ ಮುಗಿಯೋವರೆಗೂ ಕಾಯ್ತಾಳೆ. ಫೋನ್ ಪಕ್ಕದಲ್ಲಿಟ್ಕೊಂಡು ಇಬ್ರೂ ಉಣ್ತಾರೆ. ಫೋನ್ ಇಟ್ಟ ತಕ್ಷಣ ಮಲಗಿಬಿಡ್ತಾಳೆ" ಎಂದು ಚಾಡಿ ಹೇಳಿಯೇ ಬಿಟ್ಟರು.

ಅಲ್ಲಿಗೆ ಮುಗಿಯಿತು. ಇನ್ನು ಊಟವಾಗಿ ಮೂರು ಗಂಟೆ ಕಳೆಯದೆ ಮಲಗುವಂತಿಲ್ಲ. ಮಂಚದ ತಲೆಯ ಕಡೆ ಇಟ್ಟಿಗೆ ಇಟ್ಟು ಎತ್ತರ ಮಾಡಿದ್ದೇವೆ. ಅರ್ಧ ನಿದ್ದೆಯಲ್ಲಿ ಕಾಲ ಕಡೆಗೆ ಜಾರಿರುತ್ತೇನೆ. ನೋವು ಸ್ವಲ್ಪ ಇಳಿದಿದೆ. ಸಂಜೆಯೇ ಅತ್ತೆಯ ಜೊತೆ ಉಣ್ಣುತ್ತೇನೆ, ಆದರೆ ನಿಮ್ಮ ತಟ್ಟೆಯ ಸದ್ದಿಲ್ಲದೆ ಊಟ ಸೇರುವುದಿಲ್ಲ. ನಿಮ್ಮ ನೆನಪು ತುಂಬಾ ಆಗುತ್ತದೆ. ನೀವು ಒಬ್ಬರೇ ಎಂದು ಅರ್ಧ ಹೊಟ್ಟೆಯಲ್ಲಿ ಏಳಬೇಡಿ.

ಅಮ್ಮನ ಆಶೀರ್ವಾದ, ನನ್ನ ಮೂಕ ಪ್ರೀತಿ ಎರಡೂ ಇದರೊಳಗಿವೆ.

ನಿಮ್ಮ
ಶಿಳ್ಳೆ ಟೀಚರ್

ಹೇಳುವುದೇ ಬಿಟ್ಟುಹೋಯಿತು: ಈ ಊರಿನ ಗೋದಾಮಿಗೆ ವರ್ಗ ಸಿಗುತ್ತದೆ ಎಂದು ನೀವು ಹೇಳಿದಾಗ, ಫೋನಿನಲ್ಲೇ ಒಟ್ಟಿಗೆ ಉಣ್ಣುತ್ತೇವಲ್ಲ, ಅವಸರವೇನು ಎಂದವಳು ನಾನೇ. ಈ ಕಾಗದ ಕೈಸೇರಿದ ಮರುದಿನವೇ ಹೋಗಿ ಕೇಳಿ. ಹಗಲು ಪಾಳಿಯೇ ಬೇಕು ಅನ್ನಿ. ನನಗೆ ಅವಸರವಿದೆ.